ಹೊಗೆಯ ರುಚಿ

ರುಚಿಗಳು ಆರು ಎಂದು ಹಿರಿಯರು ಎಣಿಸಿಟ್ಟಿದ್ದಾರೆ: ಸಿಹಿ, ಹುಳಿ, ಉಪ್ಪು, ಕಾರ, ಕಹಿ, ಒಗರು. ಈ ಲೆಕ್ಕದಲ್ಲಿ ಹೊಗೆಗೆ ಸ್ಥಳವಿಲ್ಲ. ಆದರೂ ಸೌದೆಯ ಒಲೆಯಿದ್ದ ಮನೆಯಲ್ಲಿ ಬೆಳೆದವರಿಗೆ ಹೊಗೆಯೂ ಒಂದು ರುಚಿಯೇ. ಕೆಂಡದ ಮೇಲೆ ಸುಟ್ಟ ಬದನೆಕಾಯಿ, ಬೆಂಕಿಗೆ ಹಿಡಿದ ಮೆಕ್ಕೆಜೋಳದ ತೆನೆ, ಬೆರಣಿಯ ಉರಿಯಲ್ಲಿ ಹಗಲೆಲ್ಲ ಕಾದು ಕೆನೆ ಕೆಂಪಾದ ಹಾಲು, ಆಲೆಮನೆಯಿಂದ ಆಗತಾನೆ ಬಂದ ಬೆಲ್ಲ, ಇವುಗಳಿಂದ ಹೊಗೆಯನ್ನು ತೆಗೆದುಬಿಟ್ಟರೆ ಉಳಿಯುವುದು ಅರ್ಧ ರುಚಿ ಮಾತ್ರ. ಹಿಂದಿನವರು ಅದನ್ನು ಎಣಿಸದೆ ಬಿಟ್ಟದ್ದು ಮರೆವಿನಿಂದ ಇರಲಾರದು. ಅಡಿಗೆಮನೆಯೆಂದ ಮೇಲೆ ಹೊಗೆ ಇದ್ದೇ ಇರುತ್ತಿತ್ತು; ಇದ್ದೇ ಇರುವುದನ್ನು ಯಾರು ತಾನೆ ಎಣಿಸುತ್ತಾರೆ?

ತ್ಯಾವಣಿಗೆಯ ಮೇಷ್ಟರು ಮಾತ್ರ ಅದನ್ನು ಎಣಿಸುತ್ತಿದ್ದರು. ದಾವಣಗೆರೆಯಿಂದ ಚನ್ನಗಿರಿಗೆ ಹೋಗುವ ದಾರಿಯಲ್ಲಿ, ಭದ್ರಾ ನಾಲೆಯ ನೀರು ಕುಡಿದ ಗದ್ದೆ ತೋಟಗಳ ನಡುವೆ ಆ ಊರಿದೆ. ಅಡಕೆಯ ಸುಗ್ಗಿ ಬಂತೆಂದರೆ ಸುಲಿದ ಕಾಯನ್ನು ದೊಡ್ಡ ಹಂಡೆಗಳಲ್ಲಿ ಬೇಯಿಸುತ್ತಾರೆ. ಚೊಗರಿನ ಒಗರು ವಾಸನೆಯೂ ಸೌದೆಯ ಹೊಗೆಯೂ ಒಂದಾಗಿ ಸಂಜೆಯ ಹೊತ್ತು ಮನೆಗಳ ಮಾಡಿನ ಮೇಲೆ ನಿಲ್ಲುತ್ತವೆ. ಮೇಷ್ಟರು ಹುಟ್ಟಿದಾಗ ಊರು ಶಿವಮೊಗ್ಗ ಜಿಲ್ಲೆಗೆ ಸೇರಿತ್ತು. 1997ರಲ್ಲಿ ದಾವಣಗೆರೆ ಜಿಲ್ಲೆಯಾದಾಗ ಚನ್ನಗಿರಿ ಹೊನ್ನಾಳಿಗಳೊಡನೆ ಅದೂ ಇತ್ತ ಬಂದಿತು. “ಜಿಲ್ಲೆ ಬದಲಾಯಿತು, ನಾಲಗೆ ಬದಲಾಗಲಿಲ್ಲ” ಎಂದು ಅವರು ನಗುತ್ತಿದ್ದರು.

ಅವರ ನಾಲಗೆ ಹೆಸರಾದ ನಾಲಗೆಯೇ ಸರಿ. ಕಾಫಿ ಚಹಗಳನ್ನು ಅವರು ಮುಟ್ಟಿದವರಲ್ಲ. ಹೆಂಡ ಸಾರಾಯಿಗಳ ಮಾತಂತೂ ದೂರವೇ ಉಳಿಯಿತು. ಅವುಗಳಿಂದಾಗುವ ಕೇಡನ್ನು ಕುರಿತು ಮೂವತ್ತು ವರ್ಷ ಮಕ್ಕಳಿಗೆ ಪ್ರಬಂಧ ಬರೆಸಿದ್ದರು. ಅವರ ಪಾನವೆಂದರೆ ಮಜ್ಜಿಗೆ. ಆ ವಿಷಯದಲ್ಲಿ ಅವರದು ದೊಡ್ಡ ರಸಿಕತೆ. ಯಾರ ಮನೆಯಲ್ಲಿ ಒಂದು ಲೋಟ ಕುಡಿದರೂ, ಹಾಲು ಕಾದದ್ದು ಬೆರಣಿಯಿಂದಲೋ ತೆಂಗಿನ ಮಟ್ಟೆಯಿಂದಲೋ ಜಾಲಿಯ ಸೌದೆಯಿಂದಲೋ ಹೇಳಿಬಿಡುತ್ತಿದ್ದರು. ಬೆರಣಿಯ ಹೊಗೆ ಮಂದವಾದದ್ದು, ಹಾಲಿನೊಳಗೆ ಮಲಗಿಬಿಡುತ್ತದೆ. ಮಟ್ಟೆಯ ಹೊಗೆ ಅವಸರದ್ದು, ಮೇಲೆಯೇ ಹರಿದು ಹೋಗುತ್ತದೆ. ಜಾಲಿಯದು ಗಟ್ಟಿ, ನುಂಗಿದ ಮೇಲೂ ಗಂಟಲಲ್ಲಿ ಕುಳಿತಿರುತ್ತದೆ. ಇದು ಅವರ ಶಾಸ್ತ್ರ. ಎಲ್ಲಕ್ಕೂ ಮಿಗಿಲಾದದ್ದು ಅವರ ಮನೆಯಾಕೆ ಬೇಸಗೆಯಲ್ಲಿ ಮಾಡುತ್ತಿದ್ದ ಮಜ್ಜಿಗೆ. ನಿಗಿನಿಗಿ ಕೆಂಡದ ಮೇಲೆ ಚಿಟಿಕೆ ಇಂಗನ್ನೂ ತೊಟ್ಟು ತುಪ್ಪವನ್ನೂ ಹಾಕಿ, ಏಳುವ ಹೊಗೆಯ ಮೇಲೆ ಬರಿಯ ಗಡಿಗೆಯನ್ನು ಬೋರಲು ಹಿಡಿದು, ಹೊಗೆ ತುಂಬಿದ ಗಡಿಗೆಗೆ ಒಡನೆಯೇ ಮಜ್ಜಿಗೆಯನ್ನು ಸುರಿದು ಮುಚ್ಚಳ ಮುಚ್ಚುತ್ತಿದ್ದರು. ಅರ್ಧ ಗಳಿಗೆಯ ಮೇಲೆ ತೆರೆದರೆ ಅದರ ಪರಿಮಳವೇ ಬೇರೆ.

ಮನೆಗೆ ಅನಿಲದ ಒಲೆ ಬಂದಂದಿನಿಂದ ಮೇಷ್ಟರಿಗೆ ಒಂದು ಕೊರಗು ಹತ್ತಿತು. ಹಾಲು ಬೇಗ ಕಾಯುತ್ತಿತ್ತು, ಪಾತ್ರೆಗೆ ಮಸಿ ಹಿಡಿಯುತ್ತಿರಲಿಲ್ಲ, ಎಲ್ಲವೂ ನಿಜ. ಆದರೆ ಮಜ್ಜಿಗೆ ಬೋಳಾಯಿತು. “ಬೋಳು ಮಜ್ಜಿಗೆ” ಎಂಬ ಮಾತನ್ನು ಅವರು ದಿನಕ್ಕೊಮ್ಮೆಯಾದರೂ ಆಡುತ್ತಿದ್ದರು. ಮನೆಯಾಕೆ ಕೇಳಿಸಿಕೊಂಡು ಸುಮ್ಮನಿರುತ್ತಿದ್ದರು. ಒಂದು ಸಲ ಮಾತ್ರ, “ನಿಮಗೆ ಲೋಟದಾಗೆ ಬರೋ ಹೊಗೆ ಅಷ್ಟೇ ಗೊತ್ತು” ಎಂದಿದ್ದರು. ಮೇಷ್ಟರು ಅದನ್ನು ವಿನೋದವೆಂದು ತೆಗೆದುಕೊಂಡರು.

ಆ ತಾಯಿ ಮದುವೆಯಾಗಿ ಆ ಮನೆಗೆ ಬಂದಾಗ ಅಡಿಗೆಮನೆಗೆ ಇದ್ದದ್ದು ಅಂಗೈಯಗಲದ ಒಂದು ಬೆಳಕಿಂಡಿ. ಒಲೆಯ ಮೇಲಿನ ಅಟ್ಟಕ್ಕೆ ಹೊಗೆ ಬೇಕಾಗಿತ್ತು. ಬೀಜದ ತೆನೆಗಳನ್ನು ಅಲ್ಲಿ ತೂಗಹಾಕಿದರೆ ಹುಳು ಬೀಳುತ್ತಿರಲಿಲ್ಲ. ಮಾಡಿಗೆ ಹೊಗೆ ಬೇಕಾಗಿತ್ತು. ಗಳುಗಳಿಗೆ ಗೆದ್ದಲು ಹಿಡಿಯುತ್ತಿರಲಿಲ್ಲ. ಮೇಷ್ಟರ ಮಜ್ಜಿಗೆಗೆ ಬೇಕಾಗಿತ್ತು. ಬೇಡವಾಗಿದ್ದದ್ದು ಊದುಗೊಳವೆಯನ್ನು ಹಿಡಿದು ಒಲೆಯ ಮುಂದೆ ಕುಳಿತ ಒಂದು ಜೀವಕ್ಕೆ, ಅದನ್ನು ಕೇಳಿದವರಿಲ್ಲ. ಬೆಂಗಳೂರಿನ ವಿಜ್ಞಾನ ಸಂಸ್ಥೆಯಲ್ಲಿ 1974ರಲ್ಲಿ ಹಳ್ಳಿಗಳಿಗೆ ತಕ್ಕ ಯಂತ್ರತಂತ್ರಗಳನ್ನು ಹುಡುಕುವುದಕ್ಕಾಗಿ ‘ಅಸ್ತ್ರ’ ಎಂಬ ಒಂದು ಕೇಂದ್ರವಾಯಿತು. ಅಲ್ಲಿನ ವಿದ್ವಾಂಸರು ರೂಪಿಸಿದ ಮೂರು ಪಾತ್ರೆಗಳ, ಹೊಗೆಕೊಳವೆಯುಳ್ಳ ಅಸ್ತ್ರ ಒಲೆ 1980ರ ದಶಕದಲ್ಲಿ ನಾಡಿನ ಅನೇಕ ಮನೆಗಳಿಗೆ ಬಂದಿತು. ಮೇಷ್ಟರ ಮನೆಗೂ ಬಂದಿತು. ಕೊಳವೆಯ ದಾರಿಯಾಗಿ ಹೊಗೆ ಹೊರಗೆ ಹೋಯಿತು. ಮೂರು ವರ್ಷದ ಮೇಲೆ ಕೊಳವೆಗೆ ಇಲ್ಲಣ ಕಟ್ಟಿತು, ಯಾರೂ ಬಿಡಿಸಲಿಲ್ಲ, ಹೊಗೆ ಮತ್ತೆ ಒಳಕ್ಕೆ ಬಂದಿತು. ಅನಿಲದ ಒಲೆ ಬರುವ ವೇಳೆಗೆ ಆಕೆಯ ಕೆಮ್ಮು ಹಳೆಯದಾಗಿತ್ತು. ಒಂದು ದಿನವೂ ಬೀಡಿ ಮುಟ್ಟದವರಿಗೆ ಬೀಡಿ ಸೇದುವವರ ರೋಗ ಬಂದದ್ದು ಹೇಗೆಂದು ಮೇಷ್ಟರು ಕೇಳಿದಾಗ, ವೈದ್ಯರು ಮರುಪ್ರಶ್ನೆ ಹಾಕಿದರಂತೆ: “ಮನೆಯಲ್ಲಿ ಒಲೆ ಯಾವುದಿತ್ತು?” ಎರಡು ವರ್ಷ ನರಳಿ ಆಕೆ ತೀರಿಕೊಂಡರು.

ಇಂಥ ಮನೆಯ ಮಗ ಹಿಡಿದ ಕಸಬು ಬಿಯರು ಮಾಡುವುದು. ದಾವಣಗೆರೆಯಲ್ಲಿ ರಸಾಯನದ ಇಂಜಿನಿಯರಿಕೆ ಓದಿ, ಮುಂದಿನ ಕಲಿಕೆಗೆಂದು ಜರ್ಮನಿಗೆ ಹೋದವನು, ಅಲ್ಲಿ ಆ ವಿದ್ಯೆಯನ್ನು ಕಲಿತು ಬಂದು ಬೆಂಗಳೂರಿನಲ್ಲಿ ನೆಲಸಿದನು. ಆ ಪಟ್ಟಣಕ್ಕೆ ಬಿಯರು ಹೊಸದಲ್ಲ. ದಂಡಿನ ಸಿಪಾಯಿಗಳಿಗಾಗಿ ಕಾಸುತ್ತಿದ್ದ ಕಾಲ ಹೋಗಿ, 1915ರಲ್ಲಿ ದಕ್ಷಿಣದ ಕೆಲವು ಭಟ್ಟಿಗಳು ಕೂಡಿ ಯುನೈಟೆಡ್ ಬ್ರೂವರೀಸ್ ಎಂಬ ಮಂಡಳಿಯಾದವು. 2010ರಿಂದೀಚೆಗೆ, ಅಲ್ಲಿಯೇ ಕಾಸಿ ಅಲ್ಲಿಯೇ ಬಡಿಸುವ ಸಣ್ಣ ಮನೆಗಳು ಪೇಟೆಪೇಟೆಗೂ ಹುಟ್ಟಿಕೊಂಡಿವೆ. ಅಂಥದೊಂದರಲ್ಲಿ ಮಗನು ಮುಖ್ಯನಾದನು. ಊರಿನಲ್ಲಿ ಯಾರಾದರೂ ವಿಚಾರಿಸಿದರೆ ಮೇಷ್ಟರು, “ಧಾನ್ಯದ ಕಾರ್ಖಾನೆಯಲ್ಲಿ ಇದ್ದಾನೆ” ಎನ್ನುತ್ತಿದ್ದರು. ಸುಳ್ಳಾಡಿದಂತಾಗಲಿಲ್ಲ, ನಿಜ ಹೇಳಿದಂತೆಯೂ ಆಗಲಿಲ್ಲ. ತಂದೆ ಮಕ್ಕಳ ಮಾತು ಮಳೆ ಬೆಳೆ ಆರೋಗ್ಯಗಳನ್ನು ದಾಟಿ ಮುಂದಕ್ಕೆ ಹೋಗುತ್ತಿರಲಿಲ್ಲ.

ಕಣ್ಣಿನ ಪೊರೆ ತೆಗೆಸಿಕೊಳ್ಳುವುದಕ್ಕಾಗಿ ಮೇಷ್ಟರು ಬೆಂಗಳೂರಿಗೆ ಬಂದು ಮಗನ ಮನೆಯಲ್ಲಿ ಒಂದು ತಿಂಗಳು ನಿಲ್ಲಬೇಕಾಯಿತು. ಆ ತಿಂಗಳ ಒಂದು ಭಾನುವಾರ ಸಂಜೆ ಮಗನ ಇಬ್ಬರು ಗೆಳೆಯರು ಬಂದರು. ಹೊಸದಾಗಿ ಕಾಸಿದ ಒಂದು ಬಿಯರನ್ನು, ಬೇರೆ ಊರುಗಳಿಂದ ತರಿಸಿದ್ದ ಇನ್ನೆರಡರ ಪಕ್ಕದಲ್ಲಿಟ್ಟು ನೋಡುವುದು ಅಂದಿನ ಕೆಲಸ. ತಂದೆಯವರು ಕೋಣೆಗೆ ಹೋಗುವರೆಂದು ಮಗ ಎಣಿಸಿದ್ದನು. ಕಣ್ಣಿಗೆ ಪಟ್ಟಿ ಕಟ್ಟಿಕೊಂಡಿದ್ದ ಮೇಷ್ಟರು, “ನಾನು ಇಲ್ಲೇ ಕೂತಿರ್ತೀನಿ, ನಿಮ್ಮ ಕೆಲಸ ನೀವು ಮಾಡ್ರಪ್ಪ” ಎಂದು ಕಿಟಕಿಯ ಬಳಿಯ ಕುರ್ಚಿಯಲ್ಲಿ ಮಜ್ಜಿಗೆಯ ಲೋಟ ಹಿಡಿದು ಕುಳಿತರು.

ಸೀಸೆ ತೆರೆದ ಕೂಡಲೆ ಅವರ ಮುಖ ಆ ಕಡೆಗೆ ತಿರುಗಿತು. “ಏನೋ ಅದು, ಸೌದೆ ಹೊಗೆ?” ಎಂದರು.

ಮಗನು ವಿವರಿಸಿದನು. ಬಿಯರಿಗೆ ಮೂಲ ಜವೆಗೋಧಿ. ಅದನ್ನು ನೆನೆಸಿ, ಮೊಳಕೆ ಬರಿಸಿ, ಮೊಳಕೆ ಬೆಳೆಯದಂತೆ ಬಿಸಿಯಲ್ಲಿ ಒಣಗಿಸಬೇಕು. “ಅವ್ವ ರಾಗಿಗೆ ಮಾಡ್ತಿದ್ದಳಲ್ಲ, ಹಾಗೆಯೇ” ಎಂದನು. ಹಾಗೆ ಒಣಗಿಸುವಾಗ ಕೆಳಗೆ ಮರದ ಬೆಂಕಿ ಇಟ್ಟು ಅದರ ಹೊಗೆಯನ್ನು ಕಾಳಿನ ನಡುವೆ ಹಾಯಿಸಿದರೆ ಕಾಳು ಹೊಗೆಯನ್ನು ಹೀರಿಕೊಳ್ಳುತ್ತದೆ. ಮರಕ್ಕೆ ಬಿಗುವು ಕೊಡುವ ಲಿಗ್ನಿನ್ ಎಂಬ ವಸ್ತು ಉರಿಯಲ್ಲಿ ಒಡೆದು ಗ್ವಾಯಕಾಲ್, ಸಿರಿಂಗಾಲ್ ಮೊದಲಾದ ದ್ರವ್ಯಗಳಾಗುತ್ತದೆ; ನಾವು ಹೊಗೆಯ ವಾಸನೆ ಎನ್ನುವುದು ಬಹುಮಟ್ಟಿಗೆ ಅವುಗಳದು. ಸ್ಟೌಟ್ ಎಂಬುದು ಬಿಯರುಗಳಲ್ಲಿ ಕಪ್ಪು ಜಾತಿ. ಅದರ ಕಪ್ಪು ಹೊಗೆಯಿಂದ ಬಂದದ್ದಲ್ಲ. ಕಾಫಿಬೀಜದಂತೆ ಹುರಿದ ಕಾಳಿನಿಂದ ಬಂದದ್ದು. ಇಂಗ್ಲೆಂಡಿನಲ್ಲಿ ಡೇನಿಯಲ್ ವ್ಹೀಲರ್ ಎಂಬುವನು 1817ರಲ್ಲಿ ಕಾಳು ಹುರಿಯುವ ಉರುಳೆಗೆ ಸನ್ನದು ಪಡೆದ ಮೇಲೆ, ಸ್ವಲ್ಪ ಕಾಳಿನಿಂದಲೇ ಆ ಬಣ್ಣವನ್ನು ತರುವುದು ಸುಲಭವಾಯಿತು. ಈ ಕಪ್ಪಿಗೆ ಹೊಗೆ ಕುಡಿದ ಕಾಳನ್ನು ಹತ್ತರಲ್ಲಿ ಒಂದೆರಡು ಪಾಲು ಸೇರಿಸಿದರೆ ಹೊಗೆಯ ಸ್ಟೌಟ್ ಆಗುತ್ತದೆ. ಹೆಚ್ಚಾದರೆ ಬೂದಿ ನೆಕ್ಕಿದಂತಾಗುತ್ತದೆ. ಕಡಮೆಯಾದರೆ ಹುರಿದ ಕಾಳಿನ ಕಹಿಯಲ್ಲಿ ಮುಳುಗಿಹೋಗುತ್ತದೆ.

ಬಳಿಕ ಅವರು ರುಚಿ ನೋಡತೊಡಗಿದರು. ಆ ಕ್ರಮವನ್ನು ಮೇಷ್ಟರು ಕಿವಿಯಿಂದಲೇ ಅನುಸರಿಸಿದರು. ಮಂಜಿನಷ್ಟು ತಣ್ಣಗೆ ಕುಡಿಯಬಾರದು. ಶೈತ್ಯ ಮೂಗನ್ನು ಕಟ್ಟುತ್ತದೆ. ಗಾಜಿನ ಲೋಟಕ್ಕೆ ಅರ್ಧ ಸುರಿದು, ನೊರೆ ಇಳಿಯುವವರೆಗೆ ಕಾಯಬೇಕು. ಮೊದಲು ಮೂಸಬೇಕು, ಅದೂ ಒಂದೇ ಉಸಿರಿಗೆ. ಮೂಗು ಹೊಗೆಗೆ ಬೇಗ ಒಗ್ಗಿಬಿಡುತ್ತದೆ. ಮೊದಲ ಗುಟುಕನ್ನು ನಂಬಬಾರದು. ಆ ಗುಟುಕಿನಲ್ಲಿ ಹೊಗೆಯಲ್ಲದೆ ಬೇರೇನೂ ತಿಳಿಯುವುದಿಲ್ಲ. ಎರಡನೆಯದರಲ್ಲಿ ಸಿಹಿ ಕಾಣುತ್ತದೆ. ಮೂರನೆಯ ಹೊತ್ತಿಗೆ ಹೊಗೆ ಹಿಂದಕ್ಕೆ ಸರಿದು ಕಾಳು, ಕಹಿ, ಹುಳಿ ಒಂದೊಂದಾಗಿ ಮುಂದೆ ಬರುತ್ತವೆ.

ಮೊದಲನೆಯ ಸೀಸೆ ಜರ್ಮನಿಯ ಬಾಂಬರ್ಗ್ ಪಟ್ಟಣದ್ದು. ಅಲ್ಲಿನ ಶ್ಲೆಂಕರ್ಲಾ, ಶ್ಪೆಟ್ಸಿಯಾಲ್ ಎಂಬ ಎರಡು ಹಳೆಯ ಮನೆಗಳು ಬೀಚ್ ಮರದ ಬೆಂಕಿಯಲ್ಲಿ ತಮ್ಮ ಕಾಳನ್ನು ತಾವೇ ಇಂದಿಗೂ ಒಣಗಿಸುತ್ತವೆ. ಕರಾವಳಿಯಿಂದ ಬಂದ ಗೆಳೆಯನು ಅದನ್ನು ಮೂಸಿ, ತನ್ನ ಅಜ್ಜಿಯ ಮನೆಯ ಅಟ್ಟದ ಒಣಮೀನು ನೆನಪಾಗುತ್ತದೆಂದನು. ಮಲೆನಾಡಿನವನು ಮಳೆಗಾಲದಲ್ಲಿ ಒಲೆಯ ಮೇಲೆ ಒಣಗಹಾಕಿದ ಕಂಬಳಿ ಎಂದನು. ಎರಡನೆಯದರಲ್ಲಿ ಸ್ಕಾಟ್ಲೆಂಡಿನ ಜೌಗುಮಣ್ಣನ್ನು ಉರಿಸಿ ಒಣಗಿಸಿದ ಕಾಳಿತ್ತು, ಸೊಸೆ ದೂರದಿಂದಲೇ ಮೂಗು ಮುಚ್ಚಿ, “ಆಸ್ಪತ್ರೆ!” ಎಂದಳು. ಕೊಳಾಯಿ ನೀರಿನ ಕ್ಲೋರಿನನ್ನು ತೆಗೆಯದೆ ಕಾಸಿದರೂ ಅದು ಇಂಥ ದ್ರವ್ಯಗಳೊಡನೆ ಕೂಡಿ ಔಷಧದ ನಾತ ಹುಟ್ಟಿಸುತ್ತದೆ, ಅದು ಕಾಸಿದವನ ತಪ್ಪು; ಇದು ಮಣ್ಣಿನ ಗುಣ ಎಂದು ಮಗ ಭೇದವನ್ನು ತಿಳಿಸಿದನು. ಅಲಾಸ್ಕದಲ್ಲಿ 1988ರಿಂದ ಆಲ್ಡರ್ ಮರದ ಹೊಗೆಯಲ್ಲಿ ಮಾಡುತ್ತಿರುವ ಕಪ್ಪು ಬಿಯರನ್ನು ವರ್ಷಗಟ್ಟಲೆ ಇಟ್ಟು ಕುಡಿಯುವವರಿದ್ದಾರೆಂದೂ, ಪೋಲೆಂಡಿನ ಗ್ರೊಜಿಸ್ಕ್ ಊರಿನಲ್ಲಿ ಓಕ್ ಹೊಗೆಯ ಗೋಧಿಯಿಂದ ಮಾಡುತ್ತಿದ್ದ ತೆಳುವಾದ ಬಿಯರು 1993ರಲ್ಲಿ ನಿಂತುಹೋಗಿ ಮತ್ತೆ ಹುಟ್ಟಿತೆಂದೂ ಹೇಳಿದನು. ಕೊನೆಗೆ ತನ್ನದನ್ನು ಸುರಿದನು.

ಗೆಳೆಯರು ಬಹಳ ಹೊತ್ತು ಮಾತಾಡಲಿಲ್ಲ. ಚೆನ್ನಾಗಿದೆ ಎಂಬುದಕ್ಕೆ ಅದಕ್ಕಿಂತ ಬೇರೆ ಸಾಕ್ಷಿ ಬೇಕಾಗಿರಲಿಲ್ಲ.

ಮಗನು ಎದ್ದು ಹೋಗಿ ಒಂದು ಹಿಡಿ ಕಾಳನ್ನು ತಂದು ತಂದೆಯ ಅಂಗೈಯಲ್ಲಿ ಹಾಕಿದನು. “ಇದು ಬರೀ ಕಾಳು ಅಪ್ಪ. ಅಮಲಿಲ್ಲ. ಅಗಿದು ನೋಡಿ” ಎಂದನು. ಮೇಷ್ಟರು ನಾಲ್ಕು ಕಾಳನ್ನು ಬಾಯಿಗೆ ಹಾಕಿಕೊಂಡರು. ನಿಧಾನವಾಗಿ ಅಗಿದರು. “ಬೆರಣಿ ಅಲ್ಲ, ಜಾಲೀನೂ ಅಲ್ಲ. ಆದರೆ ಮನೆ ಅದೇ” ಎಂದರು.

ಮಗನಿಗೆ ಇಷ್ಟು ಸಾಕಾಯಿತು. ಹಲವು ವರ್ಷಗಳಿಂದ ತಡೆದಿಟ್ಟುಕೊಂಡಿದ್ದ ಮಾತು ಹೊರಬಿತ್ತು. ಈ ಬಿಯರನ್ನು ಮಾಡಬೇಕೆಂದು ಹೊಳೆದದ್ದೇ ಅವ್ವನ ಅಡಿಗೆಮನೆಯ ನೆನಪಿನಿಂದ. ಜರ್ಮನಿಯ ಆ ಪಟ್ಟಣದಲ್ಲಿ ಮೊದಲ ಗುಟುಕು ಕುಡಿದಾಗ ಕಣ್ಣಲ್ಲಿ ನೀರು ಬಂದಿತ್ತು. ಮುಂದಿನ ತಿಂಗಳು ಇದನ್ನು ಮಾರಾಟಕ್ಕೆ ಇಡುವಾಗ ‘ಅವ್ವನ ಒಲೆ’ ಎಂದು ಹೆಸರಿಡಬೇಕೆಂದಿದ್ದಾನೆ. ಹಲಗೆ ಬರೆಸಿಯೂ ಆಗಿದೆ. ಗೆಳೆಯರು ಒಳ್ಳೆಯ ಹೆಸರೆಂದರು.

ಮೇಷ್ಟರು ಕೋಪಗೊಳ್ಳುವರೆಂದು ಸೊಸೆ ಹೆದರಿದಳು. ಅವರು ಕೋಪಗೊಳ್ಳಲಿಲ್ಲ. ಪಾಠ ಕೇಳುವ ಧ್ವನಿಯಲ್ಲಿ, “ಮೊದಲು ಎಲ್ಲ ಬಿಯರೂ ಹೊಗೆ ವಾಸನೆ ಹೊಡೀತಿತ್ತೇ?” ಎಂದು ಕೇಳಿದರು.

ಬಹುಮಟ್ಟಿಗೆ ಹೌದೆಂದು ಮಗ ಹೇಳಿದನು. ಹಿಂದೆ ಯೂರೋಪಿನಲ್ಲಿ ಬಿಸಿಲು ಗಾಳಿಗಳಿಗೆ ಒಣಗಿಸಿದ್ದನ್ನು ಬಿಟ್ಟರೆ ಉಳಿದದ್ದೆಲ್ಲ ಬೆಂಕಿಯ ಮೇಲೆಯೇ ಒಣಗಬೇಕಾಗಿತ್ತು. ಕುಡಿಯುವವರಿಗೆ ಅದು ಹಿತವಾಗಿತ್ತೆಂದಲ್ಲ. 1577ರಲ್ಲಿಯೇ ಇಂಗ್ಲೆಂಡಿನ ವಿಲಿಯಂ ಹ್ಯಾರಿಸನ್ ಎಂಬ ಪಾದ್ರಿ, ಹುಲ್ಲಿನ ಉರಿಯಲ್ಲಿ ಒಣಗಿದ ಕಾಳೇ ಉತ್ತಮವೆಂದೂ, ಸೌದೆಯಲ್ಲಿ ಒಣಗಿದ್ದು ಅಭ್ಯಾಸವಿಲ್ಲದವರ ತಲೆಗೆ ಬಾಧೆ ಕೊಡುವುದೆಂದೂ ಬರೆದಿದ್ದಾನೆ. 17ನೆಯ ಶತಮಾನದಲ್ಲಿ ಅಲ್ಲಿನ ಡರ್ಬಿ ಸೀಮೆಯವರು ಹೊಗೆಯಿಲ್ಲದ ಕೋಕ್ ಇದ್ದಲನ್ನು ಉರಿಸಿ ಒಣಗಿಸಲು ಕಲಿತಾಗ ಅವರ ಬಿಯರಿಗೆ ಹೆಸರು ಬಂತು. ಆಮೇಲೆ ಬಿಸಿಗಾಳಿಯ ಗೂಡುಗಳು ಬಂದವು. ಹೊಗೆ ಒಂದು ದೋಷವೆನಿಸಿ ಮರೆಯಾಯಿತು. ಎಲ್ಲೆಲ್ಲಿಯೂ ಮರೆಯಾದ ಮೇಲೆ, ಉಳಿಸಿಕೊಂಡ ಒಂದೆರಡು ಊರಿನವರಿಗೆ ಅದೇ ಕೀರ್ತಿಯಾಯಿತು.

“ಹಾಗಾದರೆ, ಹೊಗೆಯ ನಡುವೆ ಇದ್ದವರು ಬೇಡ ಅಂದರು. ಹೊಗೆ ಬಿಟ್ಟು ಹೊರಗೆ ಬಂದವರು ಬೇಕು ಅಂದರು. ಸರಿಯೇನಪ್ಪಾ?” ಎಂದರು ಮೇಷ್ಟರು.

ಮಗ ಉತ್ತರ ಕೊಡಲಿಲ್ಲ.

“ನೀನೂ ನಾನೂ ಹೊರಗೇ ಇದ್ದವರು. ನಾನು ಜಗಲಿ ಮೇಲೆ, ನೀನು ಶಾಲೆಯಲ್ಲಿ. ಲೋಟ ನಮ್ಮ ಕೈಗೆ ಬರ್ತಿತ್ತು. ಅವಳು ಅದನ್ನು ಒಂದು ದಿನವೂ ರುಚಿ ಅಂದವಳಲ್ಲ. ಬೇರೆ ಏನು ಹೆಸರು ಬೇಕಾದರೂ ಇಡು. ಅವಳ ಒಲೆಯ ಹೆಸರು ಬೇಡ.”

ಗೆಳೆಯರು ಲೋಟಗಳನ್ನು ಕೆಳಗಿಟ್ಟರು. ಮೇಷ್ಟರು ಮಗನ ಕೈಯನ್ನು ಹುಡುಕಿ ಹಿಡಿದುಕೊಂಡು, “ನಿನ್ನ ಕೆಲಸ ಕೆಟ್ಟದ್ದು ಅಂತ ಹೇಳ್ತಿಲ್ಲ. ಶ್ರದ್ಧೆಯಿಂದ ಮಾಡಿದೀಯ, ಕಾಳು ಅಗಿದರೇ ಗೊತ್ತಾಗುತ್ತೆ. ಬೋಳು ಮಜ್ಜಿಗೆ ಅಂತ ಹದಿನಾರು ವರ್ಷ ಅವಳ ಮುಂದೆ ಅಂದವನು ನಾನು. ನಿನಗೆ ಹೇಳೋದಕ್ಕೆ ನನಗೇನು ಯೋಗ್ಯತೆ?” ಎಂದರು. ತಂದೆಯ ಬಾಯಿಂದ ತನ್ನ ಕೆಲಸವನ್ನು ಕುರಿತು ಮಗನು ಕೇಳಿದ ಮೊದಲ ಮಾತು ಅದು. ಆ ರಾತ್ರಿ ಇಬ್ಬರೂ ಬಹಳ ಹೊತ್ತು ಕುಳಿತಿದ್ದರೆಂದು ಸೊಸೆ ಹೇಳುತ್ತಾಳೆ.

ವಿಶ್ವ ಆರೋಗ್ಯ ಸಂಸ್ಥೆಯ ಲೆಕ್ಕದಂತೆ 2020ರಲ್ಲಿ ಮನೆಯೊಳಗಿನ ಹೊಗೆ ಮಸಿಗಳಿಂದ ಲೋಕದಲ್ಲಿ ಸತ್ತವರು ಸುಮಾರು 32 ಲಕ್ಷ. 2016ರ ಮೇ ತಿಂಗಳಲ್ಲಿ ಮೊದಲಾದ ಉಜ್ವಲಾ ಯೋಜನೆಯಿಂದ ಕೋಟಿಗಟ್ಟಲೆ ಬಡ ಮನೆಗಳಿಗೆ ಅನಿಲದ ಒಲೆ ಬಂದಿದೆ. ಆದರೂ ಅನಿಲ ತೀರಿದಾಗ ಮತ್ತೆ ಸೌದೆಗೆ ಕೈಹಾಕುವವರು ಕಡಮೆಯಿಲ್ಲ. ಹೊಗೆಯನ್ನು ಲೋಟದಲ್ಲಿ ಸವಿಯುವುದು ಪಾಪವೆಂದು ಇದರಿಂದ ಅರ್ಥವಲ್ಲ. ಸವಿಯುವವನು ತಾನು ಎಲ್ಲಿ ಕುಳಿತು ಸವಿಯುತ್ತಿದ್ದೇನೆಂಬುದನ್ನು ತಿಳಿದಿದ್ದರೆ ಅದರ ರುಚಿ ಕಡಮೆಯಾಗುವುದೂ ಇಲ್ಲ.

ಹಲಗೆಯನ್ನು ಮಗನು ಅಳಿಸಿದನು. ಆ ಬಿಯರು ಈಗ ‘ಹೊಗೆಯ ಕಪ್ಪು’ ಎಂಬ ಹೆಸರಿನಲ್ಲಿ ಹೋಗುತ್ತದೆ. ಕುಡಿದವರು ಮೆಚ್ಚುತ್ತಾರಂತೆ.

ಮೇಷ್ಟರು ಊರಿಗೆ ಮರಳಿದರು. ಕಣ್ಣು ಈಗ ಚೆನ್ನಾಗಿ ಕಾಣುತ್ತದೆ. ಬೇಸಗೆ ಬಂದಾಗ ಒಂದು ಮಧ್ಯಾಹ್ನ ಅವರು ಅಟ್ಟದಿಂದ ಊದುಗೊಳವೆಯನ್ನು ಇಳಿಸಿ, ಹಿತ್ತಲಿನಲ್ಲಿ ಮೂರು ಕಲ್ಲು ಹೂಡಿ, ಬೆಂಕಿ ಮಾಡಿ, ಕೆಂಡವಾಗುವವರೆಗೆ ತಾವೇ ಊದಿದರು. ಇಂಗು ತುಪ್ಪ ಹಾಕಿ ಗಡಿಗೆಯನ್ನು ಬೋರಲು ಹಿಡಿದರು. ಗಾಳಿ ತಿರುಗಿ ಹೊಗೆಯೆಲ್ಲ ಮುಖಕ್ಕೆ ಬಂದಿತು. ಕೆಮ್ಮು ನಿಲ್ಲುವುದಕ್ಕೆ ಬಹಳ ಹೊತ್ತು ಹಿಡಿಯಿತು. ಪಕ್ಕದ ಮನೆಯ ಹೆಣ್ಣುಮಗಳು ಬೇಲಿಯ ಆಚೆಯಿಂದ, “ಯಾಕೆ ಮೇಷ್ಟರೇ ಈ ಕಷ್ಟ? ನನ್ನನ್ನಾದರೂ ಕರೀಬಾರದೇ, ಮಾಡಿಕೊಡ್ತಿದ್ದೆ” ಎಂದಳು.

“ಬೇಡ ತಾಯಿ, ಕುಡಿಯೋನು ನಾನು” ಎಂದು ಮೇಷ್ಟರು ಮತ್ತೆ ಊದತೊಡಗಿದರು.